ಗರಡಿ ಬಾಗಿಲಿಂದ ಆರೂಮುಕ್ಕಾಲರ ಕ್ಲಾಸಿಗೆ

ನನ್ನ ಫೋನಿನಲ್ಲಿ ‘ಕ’ ಅಕ್ಷರಕ್ಕೆ ಹೋದರೆ ಮೂರು ಹೆಸರು ಒಟ್ಟಿಗೆ ಸಿಗುತ್ತಿದ್ದವು: ‘ಕರಾಟೆ ಕುವೆಂಪುನಗರ’, ‘ಕರಾಟೆ ಸರಸ್ವತಿಪುರಂ’, ‘ಕಳರಿ ವಿಜಯನಗರ’. ಎಂಟು ವರ್ಷ ಆ ಮೂರೂ ಅಲ್ಲೇ ಇದ್ದವು. ನಡುವೆ ಎರಡು ಸಲ ಫೋನ್ ಬದಲಾಯಿತು, ನಂಬರುಗಳು ಹೊಸ ಫೋನಿಗೂ ಬಂದವು. ಒಂದೊಂದಕ್ಕೆ ಒಂದೊಂದೇ ಸಲ ಕರೆ ಮಾಡಿದ್ದೆ. ಫೀಸೆಷ್ಟು, ಎಷ್ಟು ಹೊತ್ತಿಗೆ, ದೊಡ್ಡವರನ್ನೂ ಸೇರಿಸಿಕೊಳ್ಳುತ್ತೀರಾ ಎಂದೆಲ್ಲ ಕೇಳಿ, ಕೊನೆಗೆ ‘ಈ ತಿಂಗಳು ಸ್ವಲ್ಪ ಕೆಲಸ ಜಾಸ್ತಿ ಸರ್, ಮುಂದಿನ ತಿಂಗಳು ಬರ್ತೀನಿ’ ಎಂದು ಇಟ್ಟಿದ್ದೆ. ಅವರಲ್ಲಿ ಒಬ್ಬರು ‘ಆಗಲಿ ಮೇಡಂ, ಯಾವಾಗ ಬಂದ್ರೂ ಜಾಗ ಇರುತ್ತೆ’ ಎಂದಿದ್ದರು. ಆ ಮಾತು ಎಷ್ಟೋ ರಾತ್ರಿ ನೆನಪಾಗಿದೆ. ಅಲ್ಲೆಲ್ಲೋ ಸಾಲಿನಲ್ಲಿ ನನಗೊಂದು ಜಾಗ ಖಾಲಿ ಇದೆ, ಅದರ ಎಡಕ್ಕೆ ಬಲಕ್ಕೆ ಯಾರೋ ನಿಂತು ಅಭ್ಯಾಸ ಮಾಡುತ್ತಿದ್ದಾರೆ ಅನ್ನಿಸಿ ಮೈಯೆಲ್ಲ ಒಂಥರಾ ಆಗುತ್ತಿತ್ತು.

ನಾನು ಮೈಸೂರಿನ ಒಂದು ಆಡಿಟರ್ ಆಫೀಸಿನಲ್ಲಿ ಹದಿನೇಳು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಈ ಕೆಲಸ ಬಲ್ಲವರಿಗೆ ನಮ್ಮ ಕ್ಯಾಲೆಂಡರನ್ನು ಬಿಡಿಸಿ ಹೇಳಬೇಕಿಲ್ಲ. 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಯ ಒಂದು ರಿಟರ್ನ್, 20ಕ್ಕೆ ಇನ್ನೊಂದು. ಆದಾಯ ತೆರಿಗೆಯ ಗಡುವುಗಳಾದ ಜುಲೈ 31 ಬರುತ್ತದೆ, ಸೆಪ್ಟೆಂಬರ್ 30 ಬರುತ್ತದೆ. ಅದು ಮುಗಿದರೆ ದಸರಾ. ವಿಜಯದಶಮಿಯ ದಿನ ಶುರುಮಾಡಿದ ವಿದ್ಯೆ ಕೈಹತ್ತುತ್ತದೆ ಎಂದು ನಂಬಿದ ಮನೆಯವಳು ನಾನು. ಹಾಗಾಗಿ ಪ್ರತಿವರ್ಷ ಸೆಪ್ಟೆಂಬರ್ ಪೂರ್ತಿ ‘ದಸರಾಕ್ಕೆ ಸೇರ್ತೀನಿ’ ಎಂದುಕೊಳ್ಳುತ್ತಿದ್ದೆ. ದಸರಾ ಮುಗಿಯುವ ಹೊತ್ತಿಗೆ ಅಕ್ಟೋಬರ್ 31 ಎದುರು ನಿಂತಿರುತ್ತಿತ್ತು. ನಡುವೆ ಮಗಳ ಪರೀಕ್ಷೆ, ಅತ್ತೆಯ ಕಣ್ಣಿನ ಆಪರೇಷನ್, ಊರಿನ ಹಬ್ಬ. ಬಿಡುವು ಎನ್ನುವುದು ಯಾವಾಗಲೂ ಇನ್ನೊಂದು ತಾರೀಖಿನ ಆಚೆ ಇರುತ್ತಿತ್ತು.

ಕೊನೆಗೊಮ್ಮೆ ಕರಾಟೆ ಕ್ಲಾಸಿಗೆ ಸೇರಿದೆನೆಂದು ಆಫೀಸಿನಲ್ಲಿ ಹೇಳಿದಾಗ ‘ಓಬವ್ವ ಆಗ್ತೀರಾ ಮೇಡಂ’ ಎಂದು ಪ್ರೀತಿಯಿಂದಲೇ ಕೇಳಿದರು. (ಓಬವ್ವನ ಕತೆಯಲ್ಲಿ ನನ್ನ ಮನಸ್ಸು ನಿಲ್ಲುವ ಜಾಗ ಬೇರೆ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ, ಅವಳು ನೀರು ತರಲು ಹೋಗಿದ್ದಳು. ಮನೆಗೆಲಸದ ನಡುವೆ ಇದ್ದ ಹೆಣ್ಣುಮಗಳು. ಕೈಗೆ ಸಿಕ್ಕ ಒನಕೆಯೂ ದಿನದಿನ ಭತ್ತ ಕುಟ್ಟಿ ತೋಳಿಗೆ ಒಗ್ಗಿಹೋಗಿದ್ದ ಭಾರವೇ.) ಆತ್ಮರಕ್ಷಣೆ ಬೇಡವೆಂದಲ್ಲ, ಆದರೆ ನನ್ನನ್ನು ಎಳೆಯುತ್ತಿದ್ದದ್ದು ಅದಕ್ಕಿಂತ ಹಳೆಯದು. ಅದು ಒಂದು ಬಾಗಿಲು.

ಟವೆಲ್ ಹಿಡಿದು ನಿಂತದ್ದು

ಅಪ್ಪ ಅಶೋಕಪುರಂನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ನನಗೆ ಏಳೆಂಟು ವರ್ಷವಿದ್ದಾಗ, ಶಾಲೆಗೆ ರಜೆ ಇದ್ದ ದಿನಗಳಲ್ಲಿ, ಬೆಳಗಿನ ಐದಕ್ಕೆ ಅವರ ಜೊತೆ ಗರಡಿಯ ತನಕ ಹೋಗುತ್ತಿದ್ದೆ. ನನ್ನ ಕೆಲಸ ಟವೆಲು ಮತ್ತು ಅಂಗಿ ಹಿಡಿದುಕೊಳ್ಳುವುದು. ಗರಡಿಯ ಬಾಗಿಲು ಕುಳ್ಳು, ದೊಡ್ಡವರು ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಒಂದು ಮಂದ ಬಲ್ಬು, ಗೋಡೆಯಲ್ಲಿ ಆಂಜನೇಯ, ಮೂಲೆಯಲ್ಲಿ ಒರಗಿಸಿಟ್ಟ ಗದೆಗಳು, ಕೆಳಗೆ ಕೆಂಪು ಮಟ್ಟಿ. ಆ ಮಣ್ಣಿಗೆ ಎಣ್ಣೆ, ಅರಿಶಿನ ಬೆರೆಸಿ ಹದ ಮಾಡುತ್ತಿದ್ದರು. ಮಳೆಗಾಲದಲ್ಲಿ ಅದರ ವಾಸನೆ ಬೀದಿಯ ತಿರುವಿಗೇ ಬರುತ್ತಿತ್ತು. ಹೊಸ್ತಿಲ ಆಚೆ ನಾನು ಹೋಗುವಂತಿರಲಿಲ್ಲ. ಹೆಣ್ಣುಮಕ್ಕಳು ಮಟ್ಟಿ ತುಳಿಯಬಾರದು ಎಂದು ಯಾರೂ ಗದರಿಸಿ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತರೆ ಒಳಗಿನದು ಅರ್ಧ ಕಾಣುತ್ತಿತ್ತು. ದಂಡೆ ಹೊಡೆಯುವವರ ಬೆನ್ನು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಉಸ್ತಾದರ ದನಿ ಮಾತ್ರ ಕೇಳುತ್ತಿತ್ತು: ‘ಸೊಂಟ ಇಳಿಸೋ, ಸೊಂಟ!’ ಆ ಮಾತು ಕೇಳಿದಾಗಲೆಲ್ಲ ಕಲ್ಲಿನ ಮೇಲೆ ಕೂತ ನಾನೂ ಸೊಂಟ ಇಳಿಸಿ ಕೂರುತ್ತಿದ್ದೆ.

ಈಚೆಗೆ ಆ ದೃಶ್ಯವನ್ನು ಮತ್ತೆ ಮತ್ತೆ ತಿರುವಿ ನೋಡುವಾಗ ಆಗ ಗಮನಿಸದ ಒಂದು ಸಂಗತಿ ಎದ್ದು ಕಾಣುತ್ತದೆ: ಅಲ್ಲಿಗೆ ಬರುತ್ತಿದ್ದವರಲ್ಲಿ ಬಿಡುವಿದ್ದವರು ಒಬ್ಬರೂ ಇರಲಿಲ್ಲ. ಹಾಲು ಹಾಕುವವರೊಬ್ಬರು ಅರ್ಧ ಗಂಟೆ ಸಾಮು ಮಾಡಿ ಸೈಕಲ್ ಹತ್ತಿ ಹೊರಟುಬಿಡುತ್ತಿದ್ದರು. ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರದ ಅಣ್ಣತಮ್ಮ ಇಬ್ಬರಲ್ಲಿ ದಿನಕ್ಕೊಬ್ಬರು ಸರದಿಯ ಮೇಲೆ ಬರುತ್ತಿದ್ದರು, ಇನ್ನೊಬ್ಬರು ಅಂಗಡಿಯಲ್ಲಿರಬೇಕಲ್ಲ. ಟಾಂಗಾ ಓಡಿಸುವವರಿದ್ದರು, ಬಡಗಿಯೊಬ್ಬರಿದ್ದರು. ಅಪ್ಪ ಆರೂಕಾಲಕ್ಕೆ ಮೈ ಒರೆಸಿಕೊಂಡು ಹೊರಬರಲೇಬೇಕು, ವರ್ಕ್‌ಶಾಪಿನ ಸೈರನ್ ಯಾರಿಗೂ ಕಾಯುವುದಿಲ್ಲ. ಅರಮನೆಯ ಜಟ್ಟಿಗಳ ವಿಷಯ ಬೇರೆ. ಅವರಿಗೆ ರಾಜಾಶ್ರಯವಿತ್ತು. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ಇಂದಿಗೂ ನಡೆಯುವ ವಜ್ರಮುಷ್ಟಿ ಕಾಳಗ, ಎದುರಾಳಿಯ ತಲೆಯಿಂದ ಮೊದಲ ಹನಿ ರಕ್ತ ಬಂದೊಡನೆ ನಿಂತುಬಿಡುವ ಆ ಕಾಳಗ, ಒಂದು ಮನೆತನದ ಬಾಳನ್ನೇ ಬೇಡುವಂಥದ್ದು. ಮೊಹಲ್ಲಾದ ಗರಡಿ ಹಾಗಲ್ಲ. ಅದು ಕೂಲಿ ಮಾಡುವವರ ಮನೆಯ ಪಕ್ಕದಲ್ಲೇ ಇತ್ತು, ಕೆಲಸಕ್ಕೆ ಮೊದಲು ತೆರೆದಿರುತ್ತಿತ್ತು. ಎಂಟು ವರ್ಷ ‘ಬಿಡುವಾದ ಮೇಲೆ’ ಎಂದು ಕಾದ ನಾನು ಹುಟ್ಟಿ ಬೆಳೆದದ್ದು ಅಂಥ ಜಾಗದಲ್ಲಿ.

ಇನ್ನೂ ಒಂದು ಸಂಗತಿ ಇದೆ, ಇದು ಹೊಳೆಯಲು ನನಗೆ ನಲವತ್ತು ದಾಟಬೇಕಾಯಿತು. ಅಪ್ಪ ಐದಕ್ಕೆ ಗರಡಿಗೆ ಹೊರಡಬೇಕಾದರೆ ಅಮ್ಮ ನಾಲ್ಕೂಕಾಲಕ್ಕೆ ಏಳುತ್ತಿದ್ದಳು. ಅಪ್ಪ ಬಂದೊಡನೆ ಕುಡಿಯಲು ರಾಗಿ ಅಂಬಲಿ, ಸ್ನಾನಕ್ಕೆ ಹಂಡೆಯಲ್ಲಿ ನೀರು, ಡಬ್ಬಿಗೆ ಮುದ್ದೆ-ಸಾರು, ಮಟ್ಟಿಯ ಎಣ್ಣೆ ಹತ್ತಿದ ಟವೆಲ್ಲನ್ನು ಸೀಗೆಪುಡಿ ಹಾಕಿ ತಿಕ್ಕುವುದು. ಅಪ್ಪನ ಆ ಒಂದೂಕಾಲು ಗಂಟೆಯನ್ನು ದಿನವೂ ಅಮ್ಮ ತನ್ನ ನಿದ್ದೆಯಿಂದ ಕತ್ತರಿಸಿ ಕೊಡುತ್ತಿದ್ದಳು. ‘ಮನಸ್ಸಿದ್ದರೆ ಟೈಮ್ ತಾನಾಗೇ ಸಿಗುತ್ತೆ’ ಎಂದು ಹೇಳುವವರ ಮಾತನ್ನು ನಾನು ಪೂರ್ತಿ ಒಪ್ಪದಿರುವುದು ಇದಕ್ಕೇ. ಒಂದು ಮನೆಯಲ್ಲಿ ಒಬ್ಬರಿಗೆ ಸಿಗುವ ಹೊತ್ತು ಇನ್ನೊಬ್ಬರ ಕೈಯಿಂದ ಬಂದಿರುತ್ತದೆ. ಅದನ್ನು ಬಾಯಿಬಿಟ್ಟು ಕೇಳಬೇಕು, ಕೊಟ್ಟವರು ಯಾರೆಂದು ನೆನಪಿಟ್ಟುಕೊಳ್ಳಬೇಕು.

ದುಡಿಯುವವರ ವಿದ್ಯೆ

ಕರಾಟೆಯ ಬಗ್ಗೆ ಓದತೊಡಗಿದಾಗ ಅಲ್ಲೂ ಇದೇ ಕಂಡು ಆಶ್ಚರ್ಯವಾಯಿತು. ಓಕಿನಾವಾ ದ್ವೀಪದ ಈ ವಿದ್ಯೆಯನ್ನು 1922ರಲ್ಲಿ ಟೋಕಿಯೋಗೆ ಕೊಂಡೊಯ್ದು ಪ್ರದರ್ಶಿಸಿದ ಗಿಚಿನ್ ಫುನಾಕೋಶಿ ವೃತ್ತಿಯಲ್ಲಿ ಶಾಲಾ ಮೇಷ್ಟ್ರು. ಹಗಲೆಲ್ಲ ಮಕ್ಕಳಿಗೆ ಪಾಠ, ರಾತ್ರಿ ಗುರು ಅಜಾತೊ ಅವರ ಮನೆಗೆ ನಡಿಗೆ. ಬೆಳದಿಂಗಳಿಲ್ಲದ ರಾತ್ರಿಗಳಲ್ಲಿ ಕಂದೀಲು ಹಿಡಿದು ಹೋಗುತ್ತಿದ್ದುದನ್ನು, ಹಿತ್ತಲಿನಲ್ಲಿ ಗುರುವಿನ ಕಣ್ಣೆದುರು ಒಂದೇ ‘ಕಟಾ’ವನ್ನು, ಅಂದರೆ ಗೊತ್ತಾದ ಹೆಜ್ಜೆ-ಹೊಡೆತಗಳ ಒಂದೇ ಸಾಲನ್ನು, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾಡುತ್ತಿದ್ದುದನ್ನು ಅವರು ಆತ್ಮಕಥೆಯಲ್ಲಿ ನೆನೆದಿದ್ದಾರೆ. ಟೋಕಿಯೋಗೆ ಹೋದಾಗ ಅವರಿಗೆ ಐವತ್ತು ದಾಟಿತ್ತು. ಅಲ್ಲಿ ಓಕಿನಾವಾದ ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಉಳಿದುಕೊಂಡು, ಹಗಲು ಕಾವಲು ಕಾದು, ಕೋಣೆ ಗುಡಿಸಿ, ತೋಟ ನೋಡಿಕೊಂಡು, ರಾತ್ರಿ ಕರಾಟೆ ಹೇಳಿಕೊಟ್ಟರು. ಇದನ್ನು ಓದಿದ ದಿನ ನನಗೆ ನಮ್ಮ ಮೊಹಲ್ಲಾದ ಹಾಲಿನವರ ಸೈಕಲ್ಲೇ ನೆನಪಾಯಿತು.

ನಾನು ಈಗ ಕಲಿಯುತ್ತಿರುವ ಮೊದಲ ಕಟಾದ ಹೆಸರು ಹೇಯಾನ್ ಶೋದಾನ್. ಕಟಾ ಎಂದರೆ ಕಾಣದ ಎದುರಾಳಿಯ ಜೊತೆ ಗೊತ್ತಾದ ಕ್ರಮದಲ್ಲಿ ಮಾಡುವ ಹೆಜ್ಜೆ, ತಡೆ, ಹೊಡೆತಗಳ ಸಾಲು. ಹೇಯಾನ್ ಸರಣಿಯ ಐದನ್ನು ರೂಪಿಸಿದವರು ಅಂಕೊ ಇತೊಸು, ಫುನಾಕೋಶಿಯ ಇನ್ನೊಬ್ಬ ಗುರು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಓಕಿನಾವಾದ ಶಾಲೆಗಳಿಗೆ ಕರಾಟೆಯನ್ನು ತಂದವರೂ ಅವರೇ. ಶಾಲೆಯ ಒಂದು ಪೀರಿಯಡ್‌ನೊಳಗೆ, ಸಾಲಾಗಿ ನಿಂತ ಮಕ್ಕಳು ಕಲಿಯಬಲ್ಲಂತೆ ಅದು ತುಂಡುತುಂಡಾಗಿ ಹೊಂದಿಕೊಂಡಿದೆ. ಹೇಯಾನ್ ಶೋದಾನ್‌ನಲ್ಲಿರುವುದು 21 ಚಲನೆ. ಎಡಕ್ಕೆ ತಿರುಗಿ ಕೆಳಗಿನ ತಡೆ, ಒಂದು ಹೆಜ್ಜೆ ಮುಂದೆ ಗುದ್ದು, ಹಿಂದಕ್ಕೆ ಪೂರ್ತಿ ತಿರುವು, ಹೀಗೆ ಸಾಗಿ ಕೊನೆಗೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತೇವೆ. ನಿಧಾನವಾಗಿ ಮಾಡಿದರೂ ಒಂದು ನಿಮಿಷದೊಳಗೆ ಮುಗಿಯುತ್ತದೆ. ಒಂದು ನಿಮಿಷ! ನಾನು ಎಂಟು ವರ್ಷ ಹುಡುಕಿದ್ದು ದಿನಕ್ಕೆ ಎರಡು ಗಂಟೆಯನ್ನು.

ಆರುನೂರು ಮೀಟರ್

ನನ್ನ ಫೋನಿನ ಮೂರು ನಂಬರುಗಳಲ್ಲಿ ಯಾವುದಕ್ಕೂ ನಾನು ಕೊನೆಗೆ ಕರೆ ಮಾಡಲಿಲ್ಲ. ಆ ಮೂರರಲ್ಲಿ ಹತ್ತಿರದ್ದು ನಮ್ಮ ಮನೆಯಿಂದ ಆರು ಕಿಲೋಮೀಟರ್. ಸಂಜೆಯ ಟ್ರಾಫಿಕ್ಕಿನಲ್ಲಿ ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಒಂದು ಗಂಟೆಯ ಕ್ಲಾಸಿಗೆ ಇನ್ನೊಂದು ಗಂಟೆ ಸ್ಕೂಟರಿನ ಮೇಲೆ. ಆ ಲೆಕ್ಕ ನನ್ನಂಥವಳ ವಾರದಲ್ಲಿ ಕೂರುವುದೇ ಇಲ್ಲ. ಒಂದು ದಿನ ಮಗಳನ್ನು ಟ್ಯೂಷನ್ನಿಗೆ ಬಿಟ್ಟು ಬರುವಾಗ ನಮ್ಮ ಬಡಾವಣೆಯ ಸಮುದಾಯ ಭವನದ ಮಹಡಿಯಿಂದ ಎಣಿಕೆ ಕೇಳಿಸಿತು: ‘ಇಚಿ, ನಿ, ಸಾನ್, ಶಿ’. ನಮ್ಮ ಮನೆಯಿಂದ ಆರುನೂರು ಮೀಟರ್. ಎಷ್ಟೋ ವರ್ಷದಿಂದ ಆ ಭವನದಲ್ಲಿ ನಾಮಕರಣದ ಊಟ ಮಾಡಿದ್ದೇನೆ, ಮಂಗಳವಾರ ಗುರುವಾರ ಅಲ್ಲಿ ಕರಾಟೆ ನಡೆಯುತ್ತದೆಂದು ಗೊತ್ತಿರಲಿಲ್ಲ.

ಒಳ್ಳೆಯ ಹೆಸರಿರುವ ದೂರದ ಕ್ಲಾಸಿಗಿಂತ ನಡೆದು ಹೋಗುವಷ್ಟು ಹತ್ತಿರದ ಸಾಧಾರಣ ಕ್ಲಾಸು ಮೇಲೆಂದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಕಣ್ಣುಮುಚ್ಚಿ ಸೇರಬಾರದು. ನಾನು ಎರಡು ಸಂಜೆ ಗೋಡೆಗೊರಗಿ ಕೂತು ನೋಡಿದೆ. ಮಾಸ್ಟರ್ ಮಕ್ಕಳ ಮೊಣಕಾಲು ಒಳಕ್ಕೆ ಬೀಳದಂತೆ ಒಬ್ಬೊಬ್ಬರನ್ನೇ ಮುಟ್ಟಿ ತಿದ್ದುತ್ತಿದ್ದರು. ಮೈ ಬಿಸಿಯಾಗುವ ಮುಂಚೆ ಯಾರಿಂದಲೂ ಒದೆತ ಮಾಡಿಸಲಿಲ್ಲ. ಕೆಂಪು ಮುಖದ ಒಬ್ಬ ಹುಡುಗ ಎದುರಾಳಿಗೆ ಬೇಕೆಂದೇ ಜೋರಾಗಿ ಹೊಡೆದಾಗ ಅಭ್ಯಾಸ ನಿಲ್ಲಿಸಿ, ಕ್ಷಮೆ ಕೇಳಿಸಿದರು. ನನಗೆ ಅಷ್ಟು ಸಾಕಾಯಿತು. ಆಮೇಲೆ ಗೊತ್ತಾಯಿತು, ಮಾಸ್ಟರ್ ಹಗಲಿಡೀ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿರುತ್ತಾರೆ. ಬೆರಳ ತುದಿಗೆ ವಾರ್ನಿಷ್ ಅಂಟಿಕೊಂಡೇ ಕ್ಲಾಸಿಗೆ ಬರುತ್ತಾರೆ.

ಯಾವ ವಿದ್ಯೆ ಎಂಬ ಪ್ರಶ್ನೆಗೂ ನನ್ನ ವಾರವೇ ಉತ್ತರ ಕೊಟ್ಟಿತು. ಮನಸ್ಸಿನಲ್ಲಿದ್ದದ್ದು ಕುಸ್ತಿ. ಈಗ ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳ ಪಂದ್ಯಗಳೂ ನಡೆಯುತ್ತವೆ, ನೋಡುವಾಗ ಎದೆ ತುಂಬಿಬರುತ್ತದೆ. ಆದರೆ ಕುಸ್ತಿ, ಜೂಡೊಗಳಿಗೆ ಜೊತೆಗಾರರು ಬೇಕು, ಮಟ್ಟಿಯೋ ಮ್ಯಾಟೋ ಬೇಕು. ಪಟ್ಟು ಕಲಿಯಬೇಕಾದರೆ ಹಿಡಿಯಲು ಇನ್ನೊಂದು ಮೈ ಇರಲೇಬೇಕು. ಇಬ್ಬರ ಬಿಡುವು ಕೂಡಿಬರಬೇಕು ಎಂದರೆ ನನ್ನ ಮಟ್ಟಿಗೆ ಅದು ಕೂಡಿಬರುವುದಿಲ್ಲ ಎಂದೇ ಅರ್ಥ. ಕರಾಟೆಯ ಕಟಾ, ಕೇರಳದ ಕಳರಿಯಲ್ಲಿ ಮೈ ಪಳಗಿಸುವ ಮೆಯ್ಪಯಟ್ಟಿನಂಥವನ್ನು ಒಬ್ಬರೇ ಅಭ್ಯಾಸ ಮಾಡಬಹುದು. ಕ್ಲಾಸು ತಪ್ಪಿದ ವಾರದಲ್ಲೂ ಕಲಿಕೆ ಪೂರ್ತಿ ನಿಲ್ಲುವುದಿಲ್ಲ. ಕೆಲಸದ ನಡುವೆ ಶುರುಮಾಡುವವರು ಇದೊಂದನ್ನು ಯೋಚಿಸಿ ಆರಿಸಿಕೊಂಡರೆ ಮುಂದೆ ಬಹಳ ಸಂಕಟ ತಪ್ಪುತ್ತದೆ.

ಮನೆಯಲ್ಲಿ ಕೇಳಿದ್ದು ಒಂದು ಭಾನುವಾರ ರಾತ್ರಿ, ಊಟವಾದ ಮೇಲೆ. ‘ರೀ, ಮಂಗಳವಾರ ಗುರುವಾರ ಸಂಜೆ ಆರೂಮುಕ್ಕಾಲಿಂದ ಎಂಟರವರೆಗೆ ನಾನು ಮನೇಲಿರಲ್ಲ. ಆ ಎರಡು ದಿನ ರಾತ್ರಿ ಅಡುಗೆ ನಿಮ್ಮದು’ ಎಂದೆ. ಇದನ್ನು ಹೇಳಲು ನಾನು ನಾಲ್ಕು ದಿನ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದೆ. ಅವರು ‘ಏನ್ ಕ್ಲಾಸು’ ಎಂದು ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಚಪಾತಿ ನನಗೆ ಬರಲ್ಲ, ಅನ್ನ ಸಾರು ಮಾಡ್ತೀನಿ’ ಎಂದರು. ಅತ್ತೆ ಟಿವಿಯಿಂದ ಕಣ್ಣು ತೆಗೆಯದೆ, ‘ಸೊಪ್ಪು ಬಿಡಿಸಿ ಹೆಚ್ಚಿಡೋದು ನಾನ್ ಮಾಡ್ತೀನಿ, ಹೋಗಮ್ಮ’ ಎಂದರು. ನನಗೆ ಅಳು ಬಂತು. ಎಂಟು ವರ್ಷದಲ್ಲಿ ನಾನು ಇವರಿಬ್ಬರನ್ನು ಒಮ್ಮೆಯೂ ಕೇಳಿರಲೇ ಇಲ್ಲ. ಎಲ್ಲರ ಮನೆಯಲ್ಲೂ ಉತ್ತರ ಹೀಗೇ ಇರುತ್ತದೆ ಎನ್ನಲಾರೆ. ನನ್ನ ಜೊತೆ ಕೆಲಸ ಮಾಡುವ ಒಬ್ಬ ಗೆಳತಿ ಕೇಳಿದಾಗ ಮನೆಯಲ್ಲಿ ಒಂದು ವಾರ ಮಾತುಕತೆಯೇ ನಿಂತಿತ್ತು. ಅವಳು ಈಗ ಭಾನುವಾರ ಬೆಳಿಗ್ಗೆ ಮಾತ್ರ ಬರುತ್ತಾಳೆ, ತರಕಾರಿ ಚೀಲ ಹಿಡಿದು, ವಾಪಸು ಹೋಗುವಾಗ ಸಂತೆ ಮುಗಿಸಿಕೊಂಡು. ಅವಳ ನಿಲುವು ನನ್ನದಕ್ಕಿಂತ ಗಟ್ಟಿ.

ಕೂಗು

ಮೊದಲ ತಿಂಗಳಲ್ಲಿ ಮೈ ಏನೆಲ್ಲ ಹೇಳಿತು ಎಂದು ಬರೆಯಹೊರಟರೆ ಅದೇ ಒಂದು ಬರಹವಾದೀತು. ಬರಿಗಾಲಿನಲ್ಲಿ ಗಟ್ಟಿ ನೆಲದ ಮೇಲೆ ಹೆಜ್ಜೆ ಹಾಕಿ ಮೀನಖಂಡ ಹಿಡಿದುಕೊಂಡಿತು, ಹಿಮ್ಮಡಿ ನೋವು ಬಂತು. ಫಿಸಿಯೋಥೆರಪಿಯವರನ್ನು ಕಂಡೆ. ಎರಡು ವಾರ ಹಾರುವುದನ್ನು ಬಿಟ್ಟು, ನಿಲುವು ಮಾತ್ರ ಅಭ್ಯಾಸ ಮಾಡಿದೆ. ನಲವತ್ತು ದಾಟಿದವರು ಇದಕ್ಕೆ ನಾಚಿಕೆಪಡಬೇಕಾಗಿಲ್ಲ. ಮುಂಗಾಲು ಬಾಗಿಸಿ ಹಿಂಗಾಲು ನೆಟ್ಟಗೆ ಚಾಚಿ ನಿಲ್ಲುವ ಜೆನ್‌ಕುತ್ಸು ದಾಚಿಯಲ್ಲಿ ಸೊಂಟ ತಗ್ಗಿಸಬೇಕು. ಮಾಸ್ಟರ್ ಮೊದಲ ದಿನ ‘ಸೊಂಟ ಕೆಳಗೆ ಮೇಡಂ’ ಎಂದಾಗ ಕಲ್ಲಿನ ಮೇಲೆ ಕೂತಿದ್ದ ಹುಡುಗಿ ನನ್ನೊಳಗೆ ತಟ್ಟನೆ ಎದ್ದು ನಿಂತಳು.

ಕಷ್ಟವಾದದ್ದು ಕಿಯಾಯ್. ಹೇಯಾನ್ ಶೋದಾನ್‌ನಲ್ಲಿ ಎರಡು ಕಡೆ ಕೂಗಬೇಕು, ಒಂಬತ್ತನೆಯ ಚಲನೆಯಲ್ಲಿ ಒಮ್ಮೆ, ಹದಿನೇಳನೆಯದರಲ್ಲಿ ಇನ್ನೊಮ್ಮೆ. ಗಂಟಲಿನ ಕಿರುಚಾಟವಲ್ಲ ಅದು, ಹೊಕ್ಕುಳ ಕೆಳಗಿಂದ ಉಸಿರು ನೂಕಿ ಹೊರಡಿಸುವ ದನಿ. ಆ ಉಸಿರಿನಿಂದ ಹೊಟ್ಟೆ ಬಿಗಿಯಾಗುತ್ತದೆ, ಗುದ್ದಿಗೆ ಇಡೀ ಮೈಯ ಭಾರ ಸಿಗುತ್ತದೆ. ಸಾಲಿನಲ್ಲಿದ್ದ ಒಂಬತ್ತು ವರ್ಷದ ಮಕ್ಕಳು ಕಿಟಕಿ ಗಾಜು ಅದುರುವಂತೆ ಕೂಗುತ್ತಿದ್ದರು. ನನ್ನ ಬಾಯಿ ತೆರೆಯುತ್ತಿತ್ತು, ದನಿ ಬರುತ್ತಿರಲಿಲ್ಲ. ಮೂರು ವಾರ ಹೀಗೇ ಆಯಿತು. ಕೊನೆಯ ಸಲ ನಾನು ಜೋರಾಗಿ ಕೂಗಿದ್ದು ಯಾವಾಗ ಎಂದು ಒಂದು ರಾತ್ರಿ ಯೋಚಿಸಿದೆ. ಶಾಲೆಯ ಖೋ ಖೋ ಮೈದಾನಕ್ಕಿಂತ ಈಚೆಗೆ ಏನೂ ನೆನಪಾಗಲಿಲ್ಲ. ಮಗಳನ್ನು ಗದರಿದ್ದಿದೆ, ಫೋನಿನಲ್ಲಿ ಕ್ಲೈಂಟಿಗೆ ಬಿಲ್ ಕಳಿಸಿ ಎಂದು ದನಿ ಏರಿಸಿದ್ದಿದೆ. ಅವೆಲ್ಲ ಬೇರೆ. ಅಪ್ಪಣೆಯಿಲ್ಲದೆ, ಕಾರಣ ಹೇಳದೆ, ನನ್ನ ಪೂರ್ತಿ ದನಿಯನ್ನು ಹೊರಗೆ ಬಿಟ್ಟು ಇಪ್ಪತ್ತೇಳು ವರ್ಷವಾಗಿತ್ತು. ಸಮಯ ಸಿಗಲಿಲ್ಲ ಎಂದು ನಾನು ಹೇಳುತ್ತಿದ್ದುದರ ಕೆಳಗೆ ಈ ಸಂಕೋಚವೂ ಮಲಗಿತ್ತೇನೋ. ಈ ವಯಸ್ಸಿನಲ್ಲಿ, ಬಿಳಿ ಬಟ್ಟೆ ತೊಟ್ಟು, ಮಕ್ಕಳ ಸಾಲಿನ ಕೊನೆಯಲ್ಲಿ ನಿಂತು ಕೂಗುವುದೇ? ನೆರೆಹೊರೆಯವರು ಮಹಡಿಯ ಕಿಟಕಿಯಿಂದ ಕೇಳಿಸಿಕೊಳ್ಳುವುದಿಲ್ಲವೇ? ಕ್ಯಾಲೆಂಡರಿನ ತಾರೀಖುಗಳು ಆ ಪ್ರಶ್ನೆಯಿಂದ ನನ್ನನ್ನು ಬಚ್ಚಿಟ್ಟು ಕಾಪಾಡುತ್ತಿದ್ದವು.

ನಾಲ್ಕನೆಯ ವಾರ ಮಾಸ್ಟರ್ ದೀಪ ಆರಿಸಿ ಕಟಾ ಮಾಡಿಸಿದರು. ಕತ್ತಲಲ್ಲಿ ಕಾಲಿನ ಅಂದಾಜು ಬರಲಿ ಎಂದು ಅವರು ಆಗಾಗ ಹಾಗೆ ಮಾಡಿಸುತ್ತಾರಂತೆ. ಬೀದಿದೀಪದ ಬೆಳಕು ಮಾತ್ರ ಒಳಗೆ ಬರುತ್ತಿತ್ತು. ಏಳು, ಎಂಟು, ಒಂಬತ್ತು. ದನಿ ಬಂತು. ಅದು ನನ್ನದೆಂದು ತಿಳಿಯಲು ಒಂದು ಕ್ಷಣ ಹಿಡಿಯಿತು, ಯಾಕೆಂದರೆ ಅದು ನಾನು ಅಂದುಕೊಂಡದ್ದಕ್ಕಿಂತ ದಪ್ಪಗಿತ್ತು.

ಸೆಪ್ಟೆಂಬರ್

ಕ್ಲಾಸಿರುವುದು ವಾರಕ್ಕೆ ಎರಡೂವರೆ ಗಂಟೆ. ಕಲಿತದ್ದು ಮೈಗೆ ಇಳಿಯುವುದು ಉಳಿದ ದಿನಗಳ ಸಂದಿಗೊಂದಿಗಳಲ್ಲಿ. ಬೇಳೆ ಕುಕ್ಕರ್ ಮೂರು ವಿಶಲ್ ಹಾಕುವವರೆಗೆ ಅಡುಗೆಮನೆಯಲ್ಲಿ ಕಿಬಾ ದಾಚಿ, ಅಂದರೆ ಕುದುರೆ ಸವಾರನ ಹಾಗೆ ಕಾಲು ಅಗಲಿಸಿ ಸೊಂಟ ಇಳಿಸಿ ನಿಲ್ಲುವುದು. ಮೊದಲ ವಿಶಲ್‌ಗೇ ತೊಡೆ ನಡುಗುತ್ತಿತ್ತು, ಈಗ ಮೂರಕ್ಕೂ ನಿಲ್ಲುತ್ತದೆ. ಹಲ್ಲುಜ್ಜುವಾಗ ಒಂಟಿಕಾಲು. ಆಫೀಸಿನ ಮೆಟ್ಟಿಲು ಹತ್ತುವಾಗ ಹಿಮ್ಮಡಿ ಊರಿ ಹತ್ತುವುದು. ಒಂದೆರಡು ಎಚ್ಚರ ಮಾತ್ರ ಬೇಕು. ಮಾಸ್ಟರ್ ನೋಡಿ ತಿದ್ದಿದ್ದನ್ನಷ್ಟೇ ಮನೆಯಲ್ಲಿ ಮಾಡುತ್ತೇನೆ; ಹೊಸದನ್ನು ವಿಡಿಯೋ ನೋಡಿ ಕಲಿತರೆ ತಪ್ಪೇ ರೂಢಿಯಾಗುತ್ತದೆ, ಅದನ್ನು ಬಿಡಿಸಲು ದುಪ್ಪಟ್ಟು ಹೊತ್ತು ಬೇಕು. ಮೈ ತಣ್ಣಗಿರುವಾಗ ಗಾಳಿಯಲ್ಲಿ ಜೋರಾಗಿ ಗುದ್ದುವುದಿಲ್ಲ. ತೋಳು ಪೂರ್ತಿ ಚಾಚಿಕೊಂಡು ಝಾಡಿಸಿದರೆ ಮೊಣಕೈ ಕೀಲಿಗೆ ಪೆಟ್ಟು.

ಆದರೂ ಸೆಪ್ಟೆಂಬರ್ ಬಂತು. ಐದು ವಾರ ಕ್ಲಾಸಿನ ಕಡೆ ತಲೆಹಾಕಲಾಗಲಿಲ್ಲ. 29ರ ರಾತ್ರಿ ಹನ್ನೊಂದು ಗಂಟೆ. ಒಬ್ಬ ಕ್ಲೈಂಟಿನ ಬ್ಯಾಂಕ್ ಸ್ಟೇಟ್‌ಮೆಂಟಿಗಾಗಿ ಕಾಯುತ್ತಾ ಇಡೀ ಆಫೀಸು ಕೂತಿತ್ತು. ಕತ್ತು ಕಲ್ಲಾಗಿತ್ತು, ಕಣ್ಣಿನಲ್ಲಿ ಮರಳು. ಎದ್ದು ಟೆರೇಸಿಗೆ ಹೋದೆ. ನೀರಿನ ಟ್ಯಾಂಕಿನ ಪಕ್ಕ ನಾಲ್ಕು ಹೆಜ್ಜೆಯಷ್ಟು ಜಾಗ. ದೂರದಲ್ಲಿ, ದಸರೆಗೆಂದು ಕಟ್ಟಿದ ದೀಪದ ಸಾಲು. ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಕ್ಕೆ ತಿರುಗಿದೆ. ಐದು ವಾರದಲ್ಲಿ ಮರೆತಿರಬಹುದು ಅಂದುಕೊಂಡಿದ್ದೆ. ತಲೆ ಮರೆತಿತ್ತು, ಕಾಲು ಮರೆತಿರಲಿಲ್ಲ. ಒಂಬತ್ತರಲ್ಲಿ ಕೂಗಲಿಲ್ಲ, ಕೆಳಗೆ ಜನರಿದ್ದರು, ಉಸಿರನ್ನಷ್ಟೇ ಬಿಟ್ಟೆ. ಹದಿನೆಂಟರಿಂದ ಕೊನೆಯ ನಾಲ್ಕು, ಕತ್ತಿಯಂಥ ಅಂಗೈಯ ತಡೆಗಳು. ಮತ್ತೆ ಹೊರಟ ಜಾಗದಲ್ಲಿ ನಿಂತಾಗ ನನ್ನ ಚಪ್ಪಲಿ ಪಕ್ಕದಲ್ಲೇ ಇತ್ತು. ಇನ್ನೂ ಮೂರು ಸಲ ಮಾಡಿದೆ. ಕೆಳಗಿಳಿದಾಗ ಸ್ಟೇಟ್‌ಮೆಂಟು ಬಂದಿತ್ತು.

ಅಕ್ಟೋಬರಿನಲ್ಲಿ ಕ್ಲಾಸಿಗೆ ಹೋದಾಗ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದೆ. ಮಾಸ್ಟರ್ ಏನೂ ಕೇಳಲಿಲ್ಲ. ಸಾಲಿನ ಕೊನೆಯಲ್ಲಿ ಇಬ್ಬರು ಮಕ್ಕಳ ನಡುವಿನ ಜಾಗ ತೋರಿಸಿದರು, ಅಷ್ಟೇ. ಜಾಗ ಇತ್ತು.

ಎಣಿಸಿದವರು

ಅಪ್ಪ ಹೋಗಿ ಆರು ವರ್ಷ. ಅಮ್ಮ ಹಳೆಯ ಮನೆಯಲ್ಲೇ ತಮ್ಮನ ಜೊತೆ ಇದ್ದಾಳೆ, ಎಪ್ಪತ್ತೊಂದು. ಮೊನ್ನೆ ಭಾನುವಾರ ಹೋದಾಗ ‘ಅದೇನೋ ಕಲೀತಿದೀಯಂತಲ್ಲ, ತೋರ್ಸು’ ಎಂದಳು. ಮೊರದಲ್ಲಿ ಅಕ್ಕಿ ಆರಿಸುತ್ತಾ ಹಜಾರದ ಕಂಬಕ್ಕೆ ಒರಗಿ ಕೂತಿದ್ದಳು. ಎಂಟನೆಯ ಚಲನೆಗೆ ಬರುವಷ್ಟರಲ್ಲಿ ಅವಳ ಕೈ ನಿಂತಿತ್ತು. ಮುಗಿದ ಮೇಲೆ ಅವಳೆಂದಳು: ‘ನಿಂಗೆ ಹಿಂಗಾಲಿನ ಹಿಮ್ಮಡಿ ನೆಲದಲ್ಲೇ ಊರಿರ್ಬೇಕಾ? ನಿಮ್ಮಪ್ಪ ಬಸ್ಕಿ ಹೊಡೆಯೋವಾಗ ಹಿಮ್ಮಡಿ ಏಳ್ತಿತ್ತು.’

ನಿನಗೆ ಹೇಗೆ ಗೊತ್ತಮ್ಮ, ನೀನು ಗರಡಿ ಒಳಗೆ ಹೋದವಳೇ ಅಲ್ಲವಲ್ಲ ಎಂದೆ. ‘ಗರಡಿಗೆ ಯಾಕೆ ಹೋಗ್ಬೇಕು? ಸಂಜೆ ಇದೇ ಅಂಗಳದಲ್ಲಿ ಹೊಡೆಯೋರಲ್ಲ. ಐನೂರು. ಅವರಿಗೆ ನೂರು ದಾಟಿದ್ರೆ ಲೆಕ್ಕ ತಪ್ಪೋದು. ನಾನೇ ಎಣಿಸ್ತಿದ್ದೆ, ಹೀಗೇ ಅಕ್ಕಿ ಆರಿಸ್ಕೊಂಡು.’ ನಾನು ಆ ಹೊತ್ತಿನಲ್ಲಿ ಹೋಂವರ್ಕ್ ಮಾಡುತ್ತಿದ್ದೆನೋ, ಬೀದಿಯಲ್ಲಿ ಆಡುತ್ತಿದ್ದೆನೋ. ಇಷ್ಟು ವರ್ಷ ಈ ಮಾತು ಅಮ್ಮನ ಬಾಯಲ್ಲಿ ಬಂದಿರಲಿಲ್ಲ, ನಾನು ಕೇಳಿರಲೂ ಇಲ್ಲ.

‘ಇನ್ನೊಂದ್ಸಲ ಮಾಡು, ಎಣಿಸ್ತೀನಿ’ ಎಂದಳು. ಎಲ್ಲೆಲ್ಲಿ ಕೂಗಬೇಕು ಎಂದು ಮೊದಲೇ ಹೇಳಿಸಿಕೊಂಡಳು. ನಾನು ಅಂಗಳಕ್ಕಿಳಿದು ಎಡಕ್ಕೆ ತಿರುಗಿದೆ. ಒಂದು, ಎರಡು, ಮೂರು. ಅವಳ ಎಣಿಕೆಗೆ ಬೇರೆಯದೇ ನಡೆ ಇದೆ, ಮಾಸ್ಟರದಕ್ಕಿಂತ ನಿಧಾನ. ಉಸಿರು ತೆಗೆದುಕೊಳ್ಳಲು ಜಾಗ ಬಿಟ್ಟು ಎಣಿಸುತ್ತಾಳೆ. ಒಂಬತ್ತಕ್ಕೆ ನಾನು ಕೂಗಿದಾಗ ಪಕ್ಕದ ಮನೆಯ ಮೊಮ್ಮಗ ಕಾಂಪೌಂಡಿನ ಮೇಲೆ ತಲೆ ಎತ್ತಿ ನೋಡಿದ. ಹದಿನಾಲ್ಕು, ಹದಿನೈದು, ಹದಿನಾರು. ಹದಿನೇಳು ಎಂದು ಹೇಳಿ ಅಮ್ಮ ಮೊರ ಕೆಳಗಿಟ್ಟು ಕಾದಳು.